ಹಿಂದಿನ ಸಾಲಿನ ಕುರ್ಚಿಗಳು

ಸೊಲಿಹಲ್: ಹೊಸ್ತಿಲಿನಾಚೆ

ಇಂಗ್ಲೆಂಡಿನ ಬಾಗಿಲುಗಳಿಗೆ ಒಂದು ದುರಭ್ಯಾಸವಿದೆ. ಅವು ತಮ್ಮಷ್ಟಕ್ಕೆ ತಾವೇ ಬೀಗ ಹಾಕಿಕೊಳ್ಳುತ್ತವೆ. ಇದು ನನಗೆ ತಿಳಿದದ್ದು ಅಲ್ಲಿಗೆ ಹೋದ ಎರಡು ಮೂರು ದಿನಕ್ಕೆ, ತಂಗಿ ಸುಮಾಳ ಮನೆಯ ಮುಂದೆ ರಂಗೋಲಿ ಹಾಕಿ, ಸೊಂಟ ಹಿಡಿದುಕೊಂಡು ಎದ್ದು ನಿಂತಾಗ. ಬೆನ್ನ ಹಿಂದೆ ಟಕ್ ಎಂದಿತು. ಒಳಗೆ ಯಾರೂ ಇರಲಿಲ್ಲ. ತಂಗಿ ಮತ್ತು ಅವಳ ಗಂಡ ಶ್ರೀಧರ ಕೆಲಸಕ್ಕೆ, ಮಗಳು ಅನು ಸ್ಕೂಲಿಗೆ ಹೋಗಿ ಆಗಿತ್ತು. ಏಪ್ರಿಲ್ ತಿಂಗಳ ಚಳಿಯಲ್ಲಿ ನಾನು ಹತ್ತಿ ಸೀರೆಯಲ್ಲಿ, ಬರಿಗಾಲಲ್ಲಿ, ಕೈಯಲ್ಲಿ ರಂಗೋಲಿ ಡಬ್ಬಿ ಹಿಡಿದು ನಿಂತಿದ್ದೆ.

ಆ ರಂಗೋಲಿ ಪುಡಿಯದೂ ಒಂದು ಕಥೆಯೇ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಬಿಳಿಯ ಪುಡಿಯ ಪೊಟ್ಟಣವನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದ್ದರು. ನೆಲದ ಮೇಲೆ ಹೂವು ಬರೆಯುವುದಕ್ಕೆ ಎಂದೆ. ಯಾರ ನೆಲದ ಮೇಲೆ ಎಂದರು. ಕೊನೆಗೆ ಅವರ ಮೇಜಿನ ಮೇಲೆಯೇ ನಾಲ್ಕು ಚುಕ್ಕಿ ಇಟ್ಟು ಎಳೆ ಸೇರಿಸಿ ತೋರಿಸಿದ ಮೇಲೆ ಬಿಟ್ಟರು. ಇಷ್ಟೆಲ್ಲ ಪಡಿಪಾಟಲು ಪಟ್ಟು ತಂದ ಪುಡಿ ನನ್ನನ್ನೇ ಮನೆಯಿಂದ ಹೊರಗೆ ಹಾಕಿತ್ತು.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಬೇಸಿಗೆ ರಜೆಗೆಂದು ತಂಗಿ ಟಿಕೆಟ್ ಕಳಿಸಿದ್ದಳು. ಬೀದಿಯಲ್ಲಿ ಕಾರುಗಳಿದ್ದವು, ಮನುಷ್ಯರಿರಲಿಲ್ಲ. ಸೊಲಿಹಲ್‌ನಲ್ಲಿ ಜನ ಮನೆಯಿಂದ ಕಾರಿಗೆ, ಕಾರಿನಿಂದ ಮನೆಗೆ ಹೋಗುತ್ತಾರೆ, ನಡುವೆ ಕಾಣಸಿಗುವುದಿಲ್ಲ. ನಮ್ಮ ಬೀದಿಯಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಮೂರು ಮನೆಯವರು ಬಂದು ಮೂರು ಥರ ಸಲಹೆ ಕೊಟ್ಟು, ಒಬ್ಬ ಹುಡುಗನನ್ನು ಮಹಡಿ ಹತ್ತಿಸಿರುತ್ತಿದ್ದರು.

ಪಕ್ಕದ ಮನೆಯ ಬಾಗಿಲು ತೆರೆಯಿತು. ಎತ್ತರದ, ಬೆಳ್ಳಿಗೂದಲಿನ ಕಪ್ಪು ಹೆಂಗಸೊಬ್ಬರು ನನ್ನ ಕಾಲು ನೋಡಿ, ಆಮೇಲೆ ರಂಗೋಲಿ ನೋಡಿ, "ಚೆನ್ನಾಗಿದೆ. ಅದಕ್ಕೋಸ್ಕರ ಸಾಯಬೇಡಿ, ಒಳಗೆ ಬನ್ನಿ" ಎಂದರು.

ಅವರ ಹೆಸರು ಪರ್ಲ್. ಹರೆಯದಲ್ಲಿ ಜಮೈಕಾದಿಂದ ಬಂದು, ಇಲ್ಲಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಅವರ ಇಂಗ್ಲಿಷ್ ನನ್ನ ಕಿವಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನದು ಅವರಿಗೆ ತಕ್ಷಣ ಅರ್ಥವಾಯಿತು. ಅಡುಗೆಮನೆಯಲ್ಲಿ ಮೊಮ್ಮಗಳು ನಯೋಮಿ ಕೂತಿದ್ದಳು. ಹದಿನಾರರ ಹುಡುಗಿ. ಮನೆಯೊಳಗೇ ದಪ್ಪ ಕೋಟು ಹಾಕಿಕೊಂಡು, ಅದರ ಟೊಪ್ಪಿಗೆಯನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಸ್ಕೂಲಿನ ಹೊತ್ತಿನಲ್ಲಿ ಮನೆಯಲ್ಲಿದ್ದಾಳೆ ಎಂದರೆ ಹುಷಾರಿಲ್ಲ ಎಂದುಕೊಂಡೆ. ಕಣ್ಣಿನ ಕೆಳಗೆ ಊದಿಕೊಂಡಿತ್ತು.

ಹುಷಾರಿಲ್ಲದ ಮಗುವನ್ನು ಕಂಡರೆ ನಾವು ಏನು ಮಾಡುತ್ತೇವೆ? "ಏನಾಯ್ತು ಪುಟ್ಟಾ" ಎನ್ನುತ್ತ ನಾನು ಹತ್ತಿರ ಹೋಗಿ, ಟೊಪ್ಪಿಗೆಯೊಳಗೆ ಕೈ ತೂರಿಸಿ ತಲೆ ಸವರಿದೆ. ಅವಳು ಕುರ್ಚಿ ಬೀಳುವ ಹಾಗೆ ಎದ್ದಳು. ನನ್ನನ್ನು ನೋಡಲಿಲ್ಲ. ಮೆಟ್ಟಿಲು ಹತ್ತಿ ಹೋದ ಸದ್ದು, ಮೇಲೆ ಬಾಗಿಲು ಹಾಕಿದ ಸದ್ದು ಕೇಳಿಸಿತು.

ಪರ್ಲ್ ನನ್ನನ್ನು ಬೈಯಲಿಲ್ಲ. ಕುರ್ಚಿ ಎತ್ತಿ ನಿಲ್ಲಿಸಿದರು, ಕೆಟಲ್‌ಗೆ ನೀರು ಹಾಕಿದರು, ಆಮೇಲೆ ಹೇಳಿದರು. ಚಳಿಗಾಲದಲ್ಲಿ ನಯೋಮಿ ಸಣ್ಣ ಸಣ್ಣ ಜಡೆ ಹೆಣೆಸಿಕೊಂಡು ಸ್ಕೂಲಿಗೆ ಹೋಗಿದ್ದಳು. ಇಡೀ ಕ್ಲಾಸಿನ ಕೈಗಳು ಅವಳ ತಲೆಗೆ ಬಂದವು. ಎಳೆದು ನೋಡಿದರು, ಮೂಸಿ ನೋಡಿದರು, ಮಂಗನ ಸದ್ದು ಮಾಡಿದರು. ಹಿಂದಿನ ಬೆಂಚಿನ ಹುಡುಗರು ಪೆನ್ಸಿಲ್ ಕೆತ್ತಿದ ಸಿಪ್ಪೆಯನ್ನು ಜಡೆಗಳೊಳಗೆ ತುರುಕಿ, ಎಷ್ಟು ಹಿಡಿಸುತ್ತದೆ ಎಂದು ಪಂದ್ಯ ಕಟ್ಟಿದರು. ಅವಳು ಎದ್ದು ಕಿರುಚಿದ ದಿನ, ಆ ಕೂದಲು ಸಮವಸ್ತ್ರದ ನಿಯಮಕ್ಕೆ ಹೊಂದುವುದಿಲ್ಲ, ಪಾಠಕ್ಕೆ ಅಡ್ಡಿ ಎಂದು ಅವಳನ್ನೇ ಒಂದು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದರು. ಜಡೆ ಬಿಚ್ಚುವವರೆಗೂ ಅಲ್ಲೇ ಎಂದರು. ಕೆಲವು ದಿನ ಕೂತಳು. ಆಮೇಲೆ ಹೋಗುವುದನ್ನೇ ಬಿಟ್ಟಳು. ಈಗ ಊಟ ಸೇರುವುದಿಲ್ಲ, ಮಾತಿಲ್ಲ, ನಿದ್ದೆಯಂತೂ ಇಲ್ಲವೇ ಇಲ್ಲ.

"ಬೇರೆ ಏನನ್ನಾದರೂ ಸಹಿಸುತ್ತೇನೆ. ಆ ಮಗು ಮಲಗುವುದಿಲ್ಲ ನೋಡಿ, ಅದೇ ನನಗೆ ಭಯ" ಎಂದರು ಪರ್ಲ್. ಡಾಕ್ಟರು ಮನೋವೈದ್ಯರಿಗೆ ಬರೆದಿದ್ದಾರೆ, ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕು, ಪರೀಕ್ಷೆ ಮುಂದಿನ ತಿಂಗಳೇ ಇದೆ ಎಂದರು.

ನನ್ನ ಕೈಯನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಹರಸುವ ಕೈ ಎಂದು ನಾನು ಅಂದುಕೊಂಡಿದ್ದೆ. ಆ ಹುಡುಗಿಗೆ ಅದು ಇನ್ನೂ ಒಂದು ಕೈ, ಅಷ್ಟೆ. ಸಂಜೆ ಸುಮಾ ಬರುವವರೆಗೆ ಅಲ್ಲೇ ಕೂತು ಪರ್ಲ್ ಜತೆ ಬಟಾಣಿ ಬಿಡಿಸಿದೆ.

ಬರ್ಮಿಂಗ್‌ಹ್ಯಾಮ್: ಶನಿವಾರದ ಹಾಲ್

"ಅಯ್ಯೋ, ಅವರ ಮನೇಲಿ ಇಡೀ ದಿನ ಇದ್ಯಾ?" ಎಂದಳು ಸುಮಾ. "ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಆ ಹುಡುಗೀದು ಏನೋ ಗಲಾಟೆ ಆಗಿದೆ ಅಕ್ಕ. ಅನು ಅವಳ ಕ್ಲಾಸೇ. ಸ್ವಲ್ಪ ದೂರ ಇರು ಅಂತ ಅನೂಗೂ ಹೇಳಿದೀನಿ."

ಅನು ತಟ್ಟೆ ನೋಡುತ್ತ ಕೂತಿದ್ದಳು. ಚಿಕ್ಕಂದಿನಿಂದ ನಯೋಮಿ ಜತೆಗೇ ಆಡಿ ಬೆಳೆದವಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೆಚ್ಚಿಗೆ ಹೇಳುವ ಹುಡುಗಿ, ಆವತ್ತು ಒಂದನ್ನೂ ಹೇಳದೆ ಎದ್ದು ಹೋದಳು.

ಶನಿವಾರ ಪರ್ಲ್ ಬಾಗಿಲು ತಟ್ಟಿ, "ಟೀಚರ್, ನಮ್ಮ ಜತೆ ಬರುತ್ತೀರಾ?" ಎಂದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಚರ್ಚಿನ ಹಿಂದೆ ಅವರ ಜನ ವಾರಕ್ಕೊಮ್ಮೆ ಸೇರುತ್ತಾರಂತೆ, ಮಕ್ಕಳಿಗೋಸ್ಕರ. ಸುಮಾ ಅಡುಗೆಮನೆಗೆ ಕರೆದು, "ಅದು ಕರಿಯರ ಏರಿಯಾ ಅಕ್ಕ, ನಾವೆಲ್ಲ ಹೋಗಲ್ಲ" ಎಂದು ಪಿಸುಗುಟ್ಟಿದಳು. ನಾನು ಸ್ವೆಟರ್ ಹಾಕಿಕೊಂಡು ಹೊರಟೆ. ಬಸ್ ಡ್ರೈವರ್ ಐವತ್ತು ದಾಟಿದ ನನ್ನನ್ನು "ಬ್ಯಾಬ್" ಎಂದು ಕರೆದ. ಇಲ್ಲಿ ಮಗುವಿನಿಂದ ಮುದುಕಿಯವರೆಗೆ ಎಲ್ಲರಿಗೂ ಪ್ರೀತಿಯಿಂದ ಹಾಗೆನ್ನುತ್ತಾರೆ ಎಂದು ಪರ್ಲ್ ಹೇಳಿದರು. ಅವತ್ತೆಲ್ಲ ನನಗೆ ಅದೊಂದು ಖುಷಿ.

ಹಾಲ್‌ನಲ್ಲಿ ಮೊದಲು ಊಟ. ಅನ್ನಕ್ಕೆ ಕಾಳು ಹಾಕಿ ತೆಂಗಿನ ಹಾಲಿನಲ್ಲಿ ಬೇಯಿಸಿದ್ದರು. ನನಗೆಂದು ಕೋಳಿ ಇಲ್ಲದ ಪಾತ್ರೆ ಬೇರೆ ಇಟ್ಟಿದ್ದರು. ಊಟವಾದ ಮೇಲೆ ಒಂದು ಕಡೆ ಹುಡುಗರ ಕ್ಷೌರ, ಇನ್ನೊಂದು ಕಡೆ ಹುಡುಗಿಯರ ಜಡೆ. ಹುಡುಗಿ ಕೆಳಗೆ ದಿಂಬಿನ ಮೇಲೆ ಕೂರುತ್ತಾಳೆ, ಹೆಣೆಯುವ ಹೆಂಗಸು ಹಿಂದೆ ಕುರ್ಚಿಯಲ್ಲಿ. ಮುಟ್ಟುವ ಮೊದಲು "ಶುರು ಮಾಡಲಾ?" ಎಂದು ಪ್ರತಿಯೊಬ್ಬಳೂ ಕೇಳುತ್ತಿದ್ದಳು. ಒಂದು ತಲೆಗೆ ಮಧ್ಯಾಹ್ನವೆಲ್ಲ ಬೇಕು. ಮುಖ ನೋಡದೆ ಕೂತಿರುವುದರಿಂದಲೋ ಏನೋ, ಮಕ್ಕಳು ಮೆಲ್ಲಗೆ ಮಾತಾಡಲು ತೊಡಗುತ್ತಿದ್ದರು.

ಇದನ್ನೆಲ್ಲ ನಡೆಸುವವರು ಡೆಲ್‌ರಾಯ್. ಆಪ್ತಸಲಹೆಗಾರರಾಗಿ ತರಬೇತಿ ಪಡೆದವರು, ಶನಿವಾರವೂ ಟೈ ಕಟ್ಟುವವರು. ಕತ್ತರಿಗೆ ತಲೆ ಕೊಟ್ಟಿದ್ದ ಒಬ್ಬ ಹುಡುಗ, ಕಾಲೇಜಿಗೆ ಹೋಗುವ ದಾರಿಯಲ್ಲಿ ಪೊಲೀಸರು ತನ್ನನ್ನು ಮತ್ತೆ ನಿಲ್ಲಿಸಿ ಚೀಲ ಬಿಚ್ಚಿಸಿದ್ದನ್ನು ಹೇಳಿದ. ಜತೆಯಲ್ಲಿದ್ದ ಬಿಳಿ ಗೆಳೆಯನ ಚೀಲ ಬಿಚ್ಚಿಸಲಿಲ್ಲವಂತೆ. "ಆಗ ಮೈಯಲ್ಲಿ ಏನಾಯಿತು?" ಎಂದು ಡೆಲ್‌ರಾಯ್ ಕೇಳಿದರು. ಹುಡುಗ ಯೋಚಿಸಿ, "ಕಾಲು ನನ್ನದಲ್ಲ ಅನ್ನಿಸಿತು" ಎಂದ. "ನನಗೂ ಹಾಗೇ ಆಗುತ್ತಿತ್ತು" ಎಂದರು ಕತ್ತರಿ ಹಿಡಿದವರು.

ನಾನು ಕಾಯುತ್ತಿದ್ದೆ, ಯಾರಾದರೂ "ಹೋಗ್ಲಿ ಬಿಡು" ಎನ್ನುತ್ತಾರೆ ಎಂದು. ನಮ್ಮಲ್ಲಿ ಮಗು ಅಳುತ್ತ ಬಂದರೆ ಮೊದಲು ಬಾಯಿಗೆ ಬರುವ ಮಾತೇ ಅದು. ಅಲ್ಲಿ ಯಾರೂ ಅನ್ನಲಿಲ್ಲ. ನಿನ್ನ ಕಣ್ಣಿಗೆ ಹಾಗೆ ಕಂಡಿರಬಹುದು ಎನ್ನಲೂ ಇಲ್ಲ. ಆದದ್ದು ಆಯಿತು ಎಂದು ಒಪ್ಪಿಕೊಂಡ ಮೇಲೆ, ಆ ಹುಡುಗನ ಭುಜ ತಾನಾಗಿ ಕೆಳಗೆ ಇಳಿಯಿತು. ನಯೋಮಿ ಗೋಡೆ ಪಕ್ಕ ಟೊಪ್ಪಿಗೆಯೊಳಗೆ ಕೂತೇ ಇದ್ದಳು. ಅವಳನ್ನು ಯಾರೂ ಬಲವಂತ ಮಾಡಲಿಲ್ಲ.

ಹೊರಡುವ ಮೊದಲು ಡೆಲ್‌ರಾಯ್ ಎಲ್ಲರಿಗೂ ಕೇಳಿಸುವಂತೆ, "ಮಂಗಳವಾರ ನಯೋಮಿಯ ಸ್ಕೂಲಿನಲ್ಲಿ ಮೀಟಿಂಗ್. ಅವಳು ಪರೀಕ್ಷೆಗೆ ಹೇಗೆ ವಾಪಸ್ ಬರಬೇಕು ಎಂದು ಮಾತು. ಹಿಂದೆ ಯಾರು ಕೂರುತ್ತೀರಿ?" ಎಂದರು. ಅದು ಅವರ ಪದ್ಧತಿ. ಮಗು ಸ್ಕೂಲಿನದೋ ಆಸ್ಪತ್ರೆಯದೋ ಕೋರ್ಟಿನದೋ ಒಂದು ಕೋಣೆಗೆ ಹೋಗಬೇಕಾದಾಗ ಹಾಲ್‌ನ ನಾಲ್ಕೈದು ಜನ ಜತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಒಂದು ಮಾತೂ ಆಡುವಂತಿಲ್ಲ. ಮಾತು ಮಗುವಿನದು; ಅದರ ಬೆನ್ನ ಹಿಂದೆ ಬರೀ ಗೋಡೆ ಇರಬಾರದು, ಅಷ್ಟೆ. ಕೈಗಳು ಮೇಲೆದ್ದವು. ನನ್ನದೂ ಎದ್ದಿತು.

ಬಸ್ಸಿನಲ್ಲಿ ನಯೋಮಿ ನನ್ನ ಪಕ್ಕ ಬಂದು ಕೂತಳು. ಹೇಳಲೇಬೇಕೆಂದು ನಾನು ಕಾದಿದ್ದೆ. "ಮೊನ್ನೆ ಕೇಳದೆ ಮುಟ್ಟಿದೆ, ತಪ್ಪಾಯಿತು" ಎಂದೆ.

ಅವಳು ಕಿಟಕಿಯ ಹೊರಗೆ ನೋಡುತ್ತ, "ನಿಮಗೆ ಗೊತ್ತಿರಲಿಲ್ಲ ಆಂಟಿ" ಎಂದಳು. ಎರಡು ಸ್ಟಾಪ್ ದಾಟಿದ ಮೇಲೆ, "ಅವರಿಗೆ ಗೊತ್ತಿತ್ತು" ಎಂದಳು.

ಲೆಮಿಂಗ್ಟನ್ ಸ್ಪಾ: ತಡವಾಗಿ ಬಂದ ಯುಗಾದಿ

ಮರುದಿನ ಲೆಮಿಂಗ್ಟನ್‌ನಲ್ಲಿ ಅಲ್ಲಿನ ಕನ್ನಡದವರ ಯುಗಾದಿ. ಪಂಚಾಂಗದ ಯುಗಾದಿ ಮುಗಿದು ವಾರಗಳಾಗಿದ್ದವು. ಆದರೆ ಇಲ್ಲಿ ಹಬ್ಬ ಬರುವುದು ಹಾಲ್ ಖಾಲಿ ಇರುವ ಭಾನುವಾರಕ್ಕೆ. ಬೇವಿನ ಸೊಪ್ಪು ಸಿಗದೆ ಯಾರೋ ಹಾಗಲಕಾಯಿ ತುರಿದು ಬೆಲ್ಲಕ್ಕೆ ಹಾಕಿದ್ದರು. ಧಾರವಾಡದವರು, ಮಂಗಳೂರಿನವರು, ಮೈಸೂರಿನವರು ಎಲ್ಲರೂ ಸೇರಿ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದರು. ಒಂದು ಹಸುಗೂಸನ್ನು ಕೈಯಿಂದ ಕೈಗೆ ದಾಟಿಸುತ್ತ, "ಏನ್ ಬೆಳ್ಳಗಿದೆ, ಇಲ್ಲಿನ ಹವಾ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ನನಗೆ ಅದು ಕೇಳಿಸುತ್ತಲೂ ಇರಲಿಲ್ಲ.

ಹೋಳಿಗೆ ಬಡಿಸುವಾಗ ಸುಮಾ, ಯಾರ ಹೆಸರನ್ನೂ ಎತ್ತದೆ ಜಡೆಯ ಗಲಾಟೆಯನ್ನು ವಿವರಿಸಿ, ನನ್ನ ಮೇಲಿನ ದೂರನ್ನು ಪಂಕ್ತಿಗೇ ಬಡಿಸಿದಳು. "ನೀವೇ ಹೇಳಿ ಡಾಕ್ಟ್ರೇ, ಅಕ್ಕ ರಜೆ ಮುಗಿಸಿ ಹೊರಟುಹೋಗ್ತಾಳೆ. ನಾವು ಇಲ್ಲೇ ಇರಬೇಕು. ಅದೇ ಸ್ಕೂಲಲ್ಲಿ ಅನು ಪರೀಕ್ಷೆ ಬರೀಬೇಕು. ಆ ಪೋಸ್ಟ್‌ಕೋಡ್‌ನಲ್ಲಿದ್ರೇನೇ ಆ ಸ್ಕೂಲು ಸಿಗೋದು ಅಂತ ಅಲ್ಲಿ ಮನೆ ತಗೊಂಡಿದ್ದು. ಆ ಟೀಚರ್‌ಗಳ ಎದುರು ಇವಳು ಹೋಗಿ ಕೂತ್ಕೊಳ್ಳೋದು ಸರೀನಾ?"

ಡಾಕ್ಟರ್ ಎಂದರೆ ನಜ್ಮಾ. ಗುಲ್ಬರ್ಗದವರು, ಮನೆಯಲ್ಲಿ ದಖನಿ, ನಮ್ಮ ಜತೆ ಅಚ್ಚುಕಟ್ಟು ಕನ್ನಡ. ಮಕ್ಕಳ ಮನೋವೈದ್ಯೆ. ಯಾವ ಮಗುವೆಂದು ಕೇಳಲಿಲ್ಲ.

"ಸುಮಾ ಅವರೇ, ಇಂಥ ಮಕ್ಕಳು ನನ್ ಹತ್ರ ಬರ್ತಾರೆ. ಬರೋ ಹೊತ್ತಿಗೆ ತುಂಬ ತಡ ಆಗಿರುತ್ತೆ, ಅದು ಬೇರೆ ಮಾತು. ನಾನು ಮಾತಾಡಿಸ್ತೀನಿ, ಬೇಕಾದ್ರೆ ಮಾತ್ರೆ ಕೊಡ್ತೀನಿ. ಆಮೇಲೆ ಸೋಮವಾರ ವಾಪಸ್ ಅದೇ ಕ್ಲಾಸಿಗೆ ಕಳಿಸಬೇಕಲ್ಲ? ಅಲ್ಲಿ ಯಾರೂ ಬದಲಾಗಿಲ್ಲ ಅಂದ್ರೆ ನನ್ ಮಾತ್ರೆ ಏನ್ ಮಾಡುತ್ತೆ?"

"ಅದು ಸರಿ, ಆದ್ರೆ ನಮಗ್ಯಾಕೆ..."

"ನನ್ ಮಗನ್ನ ಬಸ್ಸಲ್ಲಿ ಏನೇನೋ ಕರೀತಿದ್ರು. ಯಾರೂ ಎದ್ದು ನಿಲ್ಲಲಿಲ್ಲ. ಅವತ್ತು ಬಸ್ಸಲ್ಲಿ ನಮ್ಮವರೂ ಇದ್ರು" ಎಂದು ನಜ್ಮಾ ಹೋಳಿಗೆ ಮುರಿದರು. "ಅವರು ಒಳ್ಳೆ ಜನಾನೇ. ಅವರಿಗೂ ಮಕ್ಕಳ ಸ್ಕೂಲಿತ್ತು."

ಮನೆಗೆ ಬರುವಾಗ ಕಾರಿನಲ್ಲಿ ಸುಮಾ, "ಪರ್ಲ್‌ಗೆ ಮಂಡಿ ನೋವು. ಮಂಗಳವಾರ ನಾನು ಕಾರಲ್ಲಿ ಬಿಡ್ತೀನಿ. ಒಳಗೆ ಮಾತ್ರ ಬರಲ್ಲ, ಕೇಳಬೇಡ" ಎಂದಳು. ನಾನು ಕೇಳಲಿಲ್ಲ. ಅಷ್ಟಕ್ಕೇ ನನಗೆ ಅವಳ ಮೇಲೆ ಮಮತೆ ಉಕ್ಕಿತು. ಪರದೇಶದಲ್ಲಿ ಬಾಳು ಕಟ್ಟಿದವರ ಅಂಜಿಕೆಯನ್ನು ಆರು ವಾರಕ್ಕೆ ಬಂದ ನಾನು ಅಳೆಯಬಾರದು.

ಮತ್ತೆ ಸೊಲಿಹಲ್: ಶಾಲೆ

ಶಾಲೆ ಬಿಟ್ಟ ಮೇಲಿನ ಹೊತ್ತು. ಕೋಣೆಯಲ್ಲಿ ಉದ್ದ ಮೇಜು. ಆ ಕಡೆ ಮುಖ್ಯೋಪಾಧ್ಯಾಯಿನಿ ಮತ್ತು ಇನ್ನಿಬ್ಬರು, ಈ ಕಡೆ ಪರ್ಲ್ ಮತ್ತು ನಯೋಮಿ. ಹಿಂದೆ ಡೆಲ್‌ರಾಯ್, ಎರಡು ಬಸ್ ಬದಲಿಸಿ ಬಂದಿದ್ದ ಹಾಲ್‌ನ ಮೂವರು, ರೇಷ್ಮೆ ಸೀರೆಯಲ್ಲಿ ನಾನು. ಇಷ್ಟು ಕುರ್ಚಿಗಳನ್ನು ಹಾಕಿಸಿರಲಿಲ್ಲ. ಪಕ್ಕದ ಕ್ಲಾಸಿನಿಂದ ನಾವೇ ಹೊತ್ತು ತಂದೆವು. ಇವರೆಲ್ಲ ಯಾರು ಎಂದು ಮುಖ್ಯೋಪಾಧ್ಯಾಯಿನಿ ನಯವಾಗಿ ಕೇಳಿದರು. "ನನ್ನವರು" ಎಂದಳು ನಯೋಮಿ.

ಬಾಗಿಲು ತೆರೆದು ಅನು ಬಂದಳು, ಸ್ಕೂಲ್ ಬ್ಯಾಗಿನ ಸಮೇತ. ಕೊನೆಯ ಕುರ್ಚಿಯಲ್ಲಿ ಕೂತಳು. ಕಾರಿನಲ್ಲಿ ಕಾಯುತ್ತಿದ್ದ ಸುಮಾ ಅವಳನ್ನು ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಕಾರಿನ ಕೀ ಕೈಯಲ್ಲೇ ಇತ್ತು. ಎಲ್ಲರೂ ತಿರುಗಿ ನೋಡಿದ್ದರಿಂದಲೋ ಏನೋ, ಮಗಳ ಪಕ್ಕ ಗೋಡೆಗೆ ಒರಗಿ ನಿಂತಳು.

ಆ ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ನಯೋಮಿ ಜಾಣೆ, ಅವಳು ಪರೀಕ್ಷೆ ಬರೆಯಲೇಬೇಕು ಎಂದು ಮನಃಪೂರ್ವಕವಾಗಿಯೇ ಹೇಳಿದರು. ಒಂದು ದಾರಿಯನ್ನೂ ಹುಡುಕಿಟ್ಟಿದ್ದರು. ಪರೀಕ್ಷೆ ಮುಗಿಯುವವರೆಗೆ ಜಡೆಗಳನ್ನು ಬಿಚ್ಚಿಬಿಡಲಿ, ಆಮೇಲೆ ಅವಳಿಷ್ಟ. ಎಲ್ಲರಿಗೂ ನೆಮ್ಮದಿ.

ನನ್ನ ನಾಲಿಗೆ ತುರಿಸಿತು. ಮೈಸೂರಿನಲ್ಲಿ ನಾನು ಎಷ್ಟೋ ಹೆಡ್‌ಮಾಸ್ಟರುಗಳ ಜತೆ ಮೇಜು ಕುಟ್ಟಿ ಮಾತಾಡಿದವಳು. ಬಾಯಿ ತೆರೆದೇಬಿಟ್ಟಿದ್ದೆ, ಡೆಲ್‌ರಾಯ್ ಮೆಲ್ಲಗೆ ಕೆಮ್ಮಿದರು. ಮುಚ್ಚಿಕೊಂಡೆ. ಅದಕ್ಕಿಂತ ಕಷ್ಟದ ಕೆಲಸವನ್ನು ಆ ಪ್ರವಾಸದಲ್ಲಿ ನಾನು ಮಾಡಲಿಲ್ಲ.

ಪರ್ಲ್ ಮುಖದಲ್ಲಿ ದಣಿವಿತ್ತು. ಹೂಂ ಎಂದುಬಿಡುತ್ತಾರೆ ಎನ್ನಿಸಿತು. ಆದರೆ ಅವರು ಮೊಮ್ಮಗಳ ಕಡೆ ತಿರುಗಿದರು. ಆಚೆ ಕಡೆಯವರಲ್ಲಿ ಒಬ್ಬರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು.

ನಯೋಮಿ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿದಳು. ಜಡೆಗಳು ಹಳೆಯವಾಗಿದ್ದವು, ಬುಡದಲ್ಲಿ ಕೂದಲು ಬೆಳೆದು ಕೆದರಿತ್ತು. "ಇದಕ್ಕೆ ಸಿಪ್ಪೆ ತುರುಕಿದವರು ಕ್ಲಾಸಿನಲ್ಲಿ ಪಾಠ ಕೇಳುತ್ತಿದ್ದರು" ಎಂದಳು. "ಗೋಡೆ ನೋಡುತ್ತ ಕೂತಿದ್ದು ನಾನು. ಈಗ ಮತ್ತೆ ನಾನೇ ಏನಾದರೂ ಬಿಚ್ಚಬೇಕಾ? ನಾನು ಬಿಚ್ಚುವುದಿಲ್ಲ."

"ಅಂಥ ಘಟನೆ ನಡೆದದ್ದನ್ನು ಯಾರೂ ನೋಡಿಲ್ಲ ಎಂದು ನನಗೆ ವರದಿ ಬಂದಿದೆ" ಎಂದರು ಮುಖ್ಯೋಪಾಧ್ಯಾಯಿನಿ.

"ಐ ಸಾ ಇಟ್, ಮಿಸ್."

ಹಿಂದಿನ ಸಾಲಿನಿಂದ ಎದ್ದವಳು ಅನು. ಮಾತಾಡಬಾರದೆಂಬ ನಿಯಮವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಹುಡುಗರ ಹೆಸರು ಹೇಳಿದಳು. ಆಮೇಲೆ ಇನ್ನೂ ನಿಂತೇ ಇದ್ದಳು. "ಐ ಲಾಫ್ಡ್ ಟೂ" ಎಂದಳು. ತಾನೂ ನಕ್ಕಿದ್ದಳಂತೆ. ನಗದಿದ್ದರೆ ಮುಂದಿನ ಸರದಿ ತನ್ನದಾಗುತ್ತದೆ ಎಂದು ನಕ್ಕಿದ್ದಳಂತೆ. ಅದನ್ನು ಮುಖ್ಯೋಪಾಧ್ಯಾಯಿನಿಗಲ್ಲ, ನಯೋಮಿಯ ಬೆನ್ನಿಗೆ ಹೇಳಿದಳು. ನಯೋಮಿ ತಿರುಗಿ ನೋಡಲಿಲ್ಲ.

ನಾನು ಸುಮಾಳ ಕಡೆ ನೋಡಿದೆ. ಮಗಳನ್ನು ಕೈಹಿಡಿದು ಎಳೆದುಕೊಂಡು ಹೋಗುತ್ತಾಳೇನೋ ಎಂದು ಹೆದರಿದೆ. ಅವಳು ಕೀಯನ್ನು ಚೀಲಕ್ಕೆ ಹಾಕಿ, ಪಕ್ಕದ ಕ್ಲಾಸಿಗೆ ಹೋಗಿ, ಒಂದು ಕುರ್ಚಿ ತಂದು, ಹಿಂದಿನ ಸಾಲಿನಲ್ಲಿ ಹಾಕಿಕೊಂಡು ಕೂತಳು.

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದರು. ಸೋಮವಾರದಿಂದ ನಯೋಮಿ ಇದ್ದ ಹಾಗೇ ಬರಬಹುದು, ಗೋಡೆಗೆ ಮುಖ ಮಾಡಿ ಕೂರಿಸುವ ಆ ಕೋಣೆ ಇನ್ನಿಲ್ಲ, ಹುಡುಗರ ಮನೆಯವರನ್ನು ಕರೆಸುತ್ತೇನೆ, ನಿಯಮವನ್ನು ಆಡಳಿತ ಮಂಡಳಿಯ ಮುಂದಿಡುತ್ತೇನೆ ಎಂದರು. ಸಾರಿ ಎಂದು ಮಾತ್ರ ಹೇಳಲಿಲ್ಲ. ಅಂಗಡಿಯಲ್ಲಿ ನಾವು ಅವರ ಕಾಲು ತುಳಿದರೂ ಅವರೇ ಸಾರಿ ಎನ್ನುವ ದೇಶದಲ್ಲಿ, ಅದೊಂದು ಮಾತಿಗಾಗಿ ಪರ್ಲ್ ಸ್ವಲ್ಪ ಹೊತ್ತು ಕಾದು, ಆಮೇಲೆ ಎದ್ದರು.

ಕಾರಿನಲ್ಲಿ ಪರ್ಲ್ ಮುಂದೆ ಕೂತರು. ಹಿಂದೆ ನಾನು, ನಡುವೆ ಅನು, ಆ ಕಡೆ ನಯೋಮಿ. ಇಬ್ಬರು ಹುಡುಗಿಯರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕ್ಷಮಿಸುವುದು ಅಷ್ಟು ಬೇಗ ಆಗುವ ಕೆಲಸವೂ ಅಲ್ಲ. ಆಗಲೇಬೇಕೆಂದು ಕೇಳಲು ನಾವು ಯಾರು? ಸುಮಾ ಓಡಿಸುತ್ತಿದ್ದಳು. ಎರಡನೆಯ ಸಿಗ್ನಲ್ ದಾಟುವಷ್ಟರಲ್ಲಿ ನಯೋಮಿಯ ತಲೆ ಮೆಲ್ಲಗೆ ವಾಲಿ, ವಾಲಿ, ಅನುವಿನ ಭುಜದ ಮೇಲೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ಗಾಢವಾದ ನಿದ್ದೆ. ಅನು ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

ಪರ್ಲ್ ಹಿಂದೆ ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ನಮ್ಮ ಬೀದಿಯ ತಿರುವು ಬಂತು. ಸುಮಾ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದಳು. ತಿರುಗಿಸಲಿಲ್ಲ, ನೇರ ಹೋದಳು. ವಿಮಾನ ನಿಲ್ದಾಣದ ಕಡೆಯ ರಸ್ತೆ ಹಿಡಿದು, ದೊಡ್ಡ ವೃತ್ತವನ್ನು ಸುತ್ತಿ, ಬಂದ ದಾರಿಯಲ್ಲೇ ವಾಪಸ್ ಬಂದಳು. ತಿರುವು ಮತ್ತೆ ಬಂತು. "ಮನೆ..." ಎಂದೆ ನಾನು.

"ಶ್... ಮಲಗಿದಾಳೆ ಅಕ್ಕ" ಎಂದಳು ಸುಮಾ. ಎರಡನೆಯ ಸುತ್ತಿಗೆ ಗೇರ್ ಬದಲಿಸಿದಳು.